ಸುಟ್ಟ ಗಾಯಕ್ಕೆ ಬೆಳ್ಳಿಯ ಪಟ್ಟಿ: ಯಾವುದು, ಯಾರಿಗೆ, ಎಷ್ಟು ದಿನ?



ಕಬ್ಬು ಬೆಳೆಯುವ ನಮಗೆ ಬೆಂಕಿಯ ಸಹವಾಸ ತಪ್ಪಿದ್ದಲ್ಲ. ಆಲೆಮನೆಯ ಕೊಪ್ಪರಿಗೆಯಿಂದ ಸಿಡಿಯುವ ಪಾಕ, ರವದಿಗೆ ಹಚ್ಚಿದ ಬೆಂಕಿ, ಅಡಿಗೆಮನೆಯ ಕುದಿಯುವ ಎಣ್ಣೆ, ಇವುಗಳಿಂದ ಪ್ರತಿ ಹಂಗಾಮಿನಲ್ಲೂ ಕೈಕಾಲು ಸುಟ್ಟುಕೊಳ್ಳುವವರಿದ್ದಾರೆ. ಇಂಥವರಲ್ಲಿ ಹೆಚ್ಚಿನವರು ಆಸ್ಪತ್ರೆಗೆ ಸೇರಬೇಕಾಗಿಲ್ಲ. ಹೊರರೋಗಿಗಳಾಗಿ ಬಂದು ಪಟ್ಟಿ ಕಟ್ಟಿಸಿಕೊಂಡು ಹೋದರೆ ಸಾಕು. ಆದರೆ ಯಾವ ಪಟ್ಟಿ ಕಟ್ಟಿದರು ಎಂಬುದರ ಮೇಲೆ ನೋವು, ಖರ್ಚು ಮತ್ತು ಕೆಲಸ ತಪ್ಪುವ ದಿನಗಳು ನಿಂತಿವೆ. ಆದ್ದರಿಂದ ಈ ವಿಷಯವನ್ನು ತಿಳಿದುಕೊಳ್ಳುವುದು ಅಗತ್ಯ.

ಮೊದಲ ಕೆಲಸ: ನೀರು

ಸುಟ್ಟ ಕೂಡಲೇ ಆ ಭಾಗವನ್ನು ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಬೇಕು. ಗಾಯವಾದ ಮೂರು ಗಂಟೆಯೊಳಗೆ ಯಾವಾಗ ಮಾಡಿದರೂ ಇದರಿಂದ ಪ್ರಯೋಜನವುಂಟು. ಬೆಲ್ಲದ ಪಾಕ ಚರ್ಮಕ್ಕೆ ಅಂಟಿದ್ದರೆ ಕಿತ್ತು ತೆಗೆಯಬಾರದು. ಪಾಕವು ಬಿಸಿಯನ್ನು ಬಹಳ ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ. ನೀರು ಹರಿಸಿದರೆ ಅದು ತಣಿಯುವುದೂ ಉಂಟು, ಕರಗುವುದೂ ಉಂಟು. ಬಾವು ಬರುವ ಮೊದಲೇ ಉಂಗುರ, ಬಳೆ, ಕಾಲುಂಗುರಗಳನ್ನು ಬಿಚ್ಚಿಡಬೇಕು. ಮಂಜುಗಡ್ಡೆ, ಟೂತ್‌ಪೇಸ್ಟ್, ಶಾಯಿ, ಅರಿಸಿನ, ತುರಿದ ಆಲೂಗಡ್ಡೆ ಇವು ಯಾವುವೂ ಬೇಡ. ಬೊಬ್ಬೆಯನ್ನು ಮನೆಯಲ್ಲಿ ಒಡೆಯಬೇಡಿ. ಶುಭ್ರವಾದ ಬಟ್ಟೆಯನ್ನು ಸಡಿಲವಾಗಿ ಮುಚ್ಚಿ ವೈದ್ಯರ ಬಳಿಗೆ ಹೋಗಿ. ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ಮರೆಯದೆ ಕೇಳಿ.

ಬೆಳ್ಳಿ ಏಕೆ?

ಸುಟ್ಟ ಚರ್ಮ ರೋಗಾಣುಗಳನ್ನು ತಡೆಯಲಾರದು. ಬೆಳ್ಳಿಯ ಅಯಾನುಗಳು ರೋಗಾಣುಗಳನ್ನು ಕೊಲ್ಲುತ್ತವೆ. ಅಮೆರಿಕದ ಕಾರ್ಲ್ ಮೋಯರ್ 1965ರಲ್ಲಿ ಶೇ. 0.5ರ ಸಿಲ್ವರ್ ನೈಟ್ರೇಟ್ ದ್ರಾವಣವನ್ನು ಸುಟ್ಟ ಗಾಯಕ್ಕೆ ಬಳಸಿ ತೋರಿಸಿದರು. 1968ರಲ್ಲಿ ಚಾರ್ಲ್ಸ್ ಫಾಕ್ಸ್ ಸಿಲ್ವರ್ ಸಲ್ಫಾಡಯಾಜಿನ್ ಎಂಬ ಔಷಧವನ್ನು ಮುಂದಿಟ್ಟರು. ಇಂದು ಔಷಧದಂಗಡಿಯಲ್ಲಿ ಸಿಗುವ ಶೇ. 1ರ ಬಿಳಿ ಮುಲಾಮು ಅದೇ.

ಮೂರು ಬಗೆಯ ಹೋಲಿಕೆ

1. ಬಿಳಿ ಮುಲಾಮು: ಬೆಲೆ ಕಡಿಮೆ, ಎಲ್ಲೆಡೆ ಸಿಗುತ್ತದೆ. ಆದರೆ ದಿನಕ್ಕೆ ಒಮ್ಮೆ ಅಥವಾ ಎರಡು ಸಲ ತೊಳೆದು ಮತ್ತೆ ಹಚ್ಚಬೇಕು. ಪ್ರತಿ ಸಲವೂ ನೋವು. ಗಾಯದ ಮೇಲೆ ಬಿಳಿಯ ಹೊದಿಕೆಯಂತೆ ಕಟ್ಟಿಕೊಳ್ಳುವುದರಿಂದ ಸುಟ್ಟ ಆಳವನ್ನು ಅಳೆಯಲು ವೈದ್ಯರಿಗೆ ತೊಡಕಾಗುತ್ತದೆ. ಸಲ್ಫಾ ಔಷಧ ಒಗ್ಗದವರಿಗೆ, ತುಂಬು ಗರ್ಭಿಣಿಯರಿಗೆ ಮತ್ತು ಎರಡು ತಿಂಗಳೊಳಗಿನ ಕೂಸುಗಳಿಗೆ ಇದು ಸಲ್ಲದು.

2. ಸೂಕ್ಷ್ಮ ಬೆಳ್ಳಿ ಕಣಗಳ ಪಟ್ಟಿ: ಬಗೆಯನ್ನು ಅನುಸರಿಸಿ ಮೂರು ದಿನ ಅಥವಾ ಏಳು ದಿನ ಬಿಡಬಹುದು. ಇದನ್ನು ಶುದ್ಧೀಕರಿಸಿದ ನೀರಿನಿಂದ ಒದ್ದೆ ಮಾಡಬೇಕು, ಸಲೈನಿನಿಂದ ಅಲ್ಲ. ಉಪ್ಪಿನ ಕ್ಲೋರೈಡು ಬೆಳ್ಳಿಯನ್ನು ಹಿಡಿದುಕೊಂಡು ಅದರ ಶಕ್ತಿಯನ್ನು ಕುಂದಿಸುತ್ತದೆ.

3. ಬೆಳ್ಳಿ ಸೇರಿಸಿದ ನಾರಿನ ಪಟ್ಟಿ ಮತ್ತು ಸ್ಪಂಜಿನ ಪಟ್ಟಿ: ನಾರಿನ ಪಟ್ಟಿ ಗಾಯದ ಕೀವುನೀರನ್ನು ಹೀರಿ ಮೃದುವಾಗಿ ಅಂಟಿ ಕೂರುತ್ತದೆ; ನಂಜಿಲ್ಲದಿದ್ದರೆ 14 ದಿನದವರೆಗೆ ಇರಬಹುದು, ಚರ್ಮ ಕೂಡಿದಂತೆ ತಾನಾಗಿ ಬಿಡುತ್ತದೆ. ಸ್ಪಂಜಿನ ಪಟ್ಟಿಯನ್ನು ಏಳು ದಿನದವರೆಗೆ ಬಿಡಬಹುದು; ತೆಗೆಯುವಾಗ ಹೊಸ ಚರ್ಮ ಕಿತ್ತು ಬರುವುದಿಲ್ಲ.

ಪ್ರಯೋಗಗಳು ಏನು ಹೇಳುತ್ತವೆ?

2006ರಲ್ಲಿ ಪ್ರಕಟವಾದ 84 ರೋಗಿಗಳ ಪ್ರಯೋಗದಲ್ಲಿ ನಾರಿನ ಪಟ್ಟಿಯವರಿಗೆ ಬಿಳಿ ಮುಲಾಮಿನವರಿಗಿಂತ ನೋವು ಕಡಿಮೆ, ಪಟ್ಟಿ ಬದಲಾವಣೆಯೂ ಕಡಿಮೆ ಎಂದು ಕಂಡುಬಂತು. 2011ರಲ್ಲಿ 101 ಜನರ ಪ್ರಯೋಗದಲ್ಲಿ ಸ್ಪಂಜಿನ ಪಟ್ಟಿ ಮತ್ತು ಮುಲಾಮು ಎರಡರಲ್ಲೂ ಗಾಯ ಮಾಯುವ ಕಾಲ ಹೆಚ್ಚುಕಡಿಮೆ ಒಂದೇ. ಆದರೆ ನೋವು ಮತ್ತು ಒಟ್ಟು ಖರ್ಚು ಪಟ್ಟಿಯಲ್ಲಿ ಕಡಿಮೆ. 2013ರ ಕಾಕ್ರೇನ್ ಪರಿಶೀಲನೆಯು ಇಂಥ ಹಲವು ಪ್ರಯೋಗಗಳನ್ನು ಒಟ್ಟಿಗೆ ನೋಡಿ, ಮುಲಾಮಿಗಿಂತ ಬೆಳ್ಳಿಯ ಪಟ್ಟಿಗಳಲ್ಲಿ ಗಾಯ ಚೆನ್ನಾಗಿ ಮಾಯುತ್ತದೆ ಎಂದಿತು; ಪ್ರಯೋಗಗಳ ಗುಣಮಟ್ಟ ಸಾಲದು ಎಂಬುದನ್ನೂ ಸೇರಿಸಿ ಹೇಳಿತು.

ನಮ್ಮಂತೆಯೇ ಕಬ್ಬಿನ ಸೀಮೆಯಾದ, ಕನ್ನಡಿಗರು ಬಹಳ ಮಂದಿ ಇರುವ ಸೊಲ್ಲಾಪುರದ ಒಂದು ಕೆಲಸವೂ ಗಮನಾರ್ಹ. ಅಲ್ಲಿನ ವೈಶಂಪಾಯನ ಸ್ಮಾರಕ ವೈದ್ಯಕೀಯ ಕಾಲೇಜಿನ ಡಾ. ಎಂ. ಸುಬ್ರಹ್ಮಣ್ಯಂ ಅವರು 104 ರೋಗಿಗಳಲ್ಲಿ ಅರ್ಧ ಜನಕ್ಕೆ ಜೇನು, ಅರ್ಧ ಜನಕ್ಕೆ ಬೆಳ್ಳಿಯ ಮುಲಾಮು ಬಳಸಿ 1991ರಲ್ಲಿ ಫಲ ಪ್ರಕಟಿಸಿದರು. 15 ದಿನಗಳಲ್ಲಿ ಜೇನಿನ ಗುಂಪಿನಲ್ಲಿ ಶೇ. 87, ಮುಲಾಮಿನ ಗುಂಪಿನಲ್ಲಿ ಶೇ. 10 ಗಾಯಗಳು ಮಾಯ್ದವು. ಆದರೆ ಮುಲಾಮಿಗಿಂತ ಜೇನು ಬೇಗ ಮಾಯಿಸುತ್ತದೆ ಎಂಬುದಕ್ಕಿರುವ ಆಧಾರ ಬಹಳ ದುರ್ಬಲವೆಂದು 2015ರ ಪರಿಶೀಲನೆ ಎಚ್ಚರಿಸಿದೆ. ಆದ್ದರಿಂದ ಮನೆಯ ಜೇನುಬಾಟಲಿಯನ್ನು ಗಾಯಕ್ಕೆ ಸುರಿಯಬಾರದು.

ಬೆಟ್ಟದ ಊರಿನ ಲೆಕ್ಕ

ನೀಲಗಿರಿಯ ಲವ್‌ಡೇಲ್ ಅನ್ನು ಉದಾಹರಣೆಗೆ ತೆಗೆದುಕೊಳ್ಳಿ. ಎರಡು ಸಾವಿರ ಮೀಟರಿಗಿಂತ ಎತ್ತರದ ಚಳಿಯ ಊರು. ದೊಡ್ಡ ಆಸ್ಪತ್ರೆಗೆ ಉದಕಮಂಡಲಕ್ಕೆ ಹೋಗಬೇಕು. ಅಲ್ಲಿ ಕೂಲಿಯವನೊಬ್ಬನ ಮುಂಗೈ ಸುಟ್ಟಿತೆನ್ನಿ. ದಿನಕ್ಕೊಮ್ಮೆ ಮುಲಾಮು ಬದಲಿಸುವುದಾದರೆ ಎರಡು ವಾರಕ್ಕೆ 14 ಸಲ ಓಡಾಟ. ಏಳು ದಿನದ ಪಟ್ಟಿಯಾದರೆ ಎರಡು ಮೂರು ಸಲ. ಪಟ್ಟಿಯ ಬೆಲೆ ಮಾತ್ರ ನೋಡಿದರೆ ಮುಲಾಮು ಅಗ್ಗ. ಬಸ್ಸಿನ ಚಾರ್ಜು, ತಪ್ಪಿದ ಕೂಲಿ, ಜೊತೆಗೆ ಬರುವವರ ಕೂಲಿ ಸೇರಿಸಿದರೆ ಲೆಕ್ಕ ತಿರುಗಬಹುದು. ಆಸ್ಪತ್ರೆ ದೂರವಿರುವ ನಮ್ಮ ಹಳ್ಳಿಗಳಿಗೂ ಇದೇ ಲೆಕ್ಕ ಸಲ್ಲುತ್ತದೆ. ಆಸ್ಪತ್ರೆ ಊರಲ್ಲೇ ಇದ್ದು, ಮನೆಯಲ್ಲಿ ಶುಚಿಯಾಗಿ ಹಚ್ಚುವವರಿದ್ದರೆ ಮುಲಾಮೇ ಸಾಕಾಗಬಹುದು. ಚಳಿಯ ಊರಿನಲ್ಲಿ ಇನ್ನೊಂದು ಮಾತು: ಗಾಯಕ್ಕೆ ನೀರು ಹರಿಸುವಾಗ ಉಳಿದ ಮೈಗೆ ಕಂಬಳಿ ಹೊದಿಸಿ; ಇಲ್ಲವಾದರೆ ಮೈ ತಣ್ಣಗಾಗಿ ಅಪಾಯವಾಗುತ್ತದೆ.

ಹೊರರೋಗಿಯಾಗಿ ಉಳಿಯಬಾರದವರು

ರೋಗಿಯ ಬೆರಳು ಸಹಿತದ ಅಂಗೈ ಅವನ ಮೈಯ ಸುಮಾರು ಶೇ. 1 ಭಾಗ. ವಯಸ್ಕರಿಗೆ ಹತ್ತು ಅಂಗೈಯಷ್ಟು ಸುಟ್ಟಿದ್ದರೆ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ಮುಖ, ಅಂಗೈ, ಪಾದ, ಕೀಲು, ಗುಪ್ತಾಂಗ ಸುಟ್ಟಿದ್ದರೆ, ವಿದ್ಯುತ್ತು ಅಥವಾ ರಾಸಾಯನಿಕದಿಂದಾಗಿದ್ದರೆ, ಹೊಗೆ ಕುಡಿದಿದ್ದರೆ, ಚರ್ಮ ಬಿಳುಪಾಗಿ ಅಥವಾ ಕರಿಕಾಗಿ ನೋವೇ ತಿಳಿಯದಿದ್ದರೆ, ಗಾಯ ಚಿಕ್ಕದೆಂದು ಸುಮ್ಮನಿರಬೇಡಿ. ಮಧುಮೇಹದವರೂ ತಡಮಾಡಬಾರದು.

ಪಟ್ಟಿ ಕಟ್ಟಿದ ಮೇಲೆ ಜ್ವರ, ದುರ್ವಾಸನೆ, ಹೆಚ್ಚುವ ನೋವು, ಸುತ್ತ ಹರಡುವ ಕೆಂಪು ಕಂಡರೆ ಏಳನೆಯ ದಿನಕ್ಕೆ ಕಾಯದೆ ಅಂದೇ ಹೋಗಿ. ಎರಡು ವಾರವಾದರೂ ಮಾಯದಿದ್ದರೆ ಕಸಿ ಬೇಕೇ ಎಂದು ತಜ್ಞರನ್ನು ಕೇಳಬೇಕು. ತಡವಾದಷ್ಟೂ ಚರ್ಮ ಬಿಗಿದು ಬೆರಳು ಮಡಿಸಲು ಬಾರದಂತಾಗುವ ಭಯವುಂಟು.

ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳು

1. ಗಾಯ ಎಷ್ಟು ಆಳ? ಎಷ್ಟು ದಿನದಲ್ಲಿ ಮಾಯಬೇಕು?
2. ಈ ಪಟ್ಟಿ ಎಷ್ಟು ದಿನ ಇರಬಹುದು? ನೀರು ತಾಗಬಹುದೇ?
3. ಮುಂದೆ ಎಷ್ಟು ಸಲ ಬರಬೇಕು? ಒಟ್ಟು ಖರ್ಚೆಷ್ಟು?
4. ಕೈಬೆರಳನ್ನು ದಿನಾ ಹೇಗೆ ಆಡಿಸಬೇಕು?

ಈ ಪುಟವನ್ನು ಆಲೆಮನೆಯ ಗೋಡೆಗೆ ಅಂಟಿಸಿ, ಕೊಪ್ಪರಿಗೆಯ ಹತ್ತಿರ ಸದಾ ಒಂದು ತೊಟ್ಟಿ ಶುದ್ಧ ನೀರು ತುಂಬಿಡಿ. ರವದಿಯನ್ನು ಸುಡದೆ ಸಾಲಿನಲ್ಲೇ ಹರಡಿದರೆ ಭೂಮಿಗೂ ಲಾಭ, ಮೈಗೂ ಕ್ಷೇಮ.