ಕಾಶಿಯ ಮೆಟ್ಟಿಲ ಮೇಲೆ ತೆಗೆದ ಪಟ
(ಹೊಸದಾಗಿ ಫೋಟೋ ಕೆಲಸಕ್ಕೆ ಇಳಿದವರಿಗೆ ಒಂದು ಪಾಠ)



ನಮ್ಮ ವಾಚನಾಲಯಕ್ಕೆ ಬರುವ ತರುಣರಲ್ಲಿ ಕೆಲವರು ಈಚೆಗೆ ಕ್ಯಾಮರಾ ಕೊಂಡಿದ್ದಾರೆ. ಪಾಳಿ ಮುಗಿದ ಮೇಲೆ, ರಜೆಯ ದಿನಗಳಲ್ಲಿ, ನಾಲ್ಕು ಜನರ ಭಾವಚಿತ್ರ ತೆಗೆದು ಮನೆಗೆ ಹೆಚ್ಚಿನ ಕಾಸು ಕಳಿಸಬೇಕೆಂಬುದು ಅವರ ಆಸೆ. ಒಳ್ಳೆಯ ಆಸೆಯೇ. ಆದರೆ ಅವರು ನನ್ನನ್ನು ಕೇಳುವುದೆಲ್ಲ ಕ್ಯಾಮರಾದ ವಿಷಯ, ಲೆನ್ಸಿನ ವಿಷಯ. ತೆಗೆದ ಚಿತ್ರ ಕಾಗದದ ಮೇಲೆ ಬಂದು ಗಿರಾಕಿಯ ಕೈ ಸೇರುವ ಬಗೆಯನ್ನು ಇದುವರೆಗೆ ಒಬ್ಬರೂ ಕೇಳಿಲ್ಲ. ನಾನು ಈ ವಿದ್ಯೆಯಲ್ಲಿ ಪಂಡಿತನಲ್ಲ. ಮೆಟ್ರಿಕ್ ಮುಗಿಸಿ ಗಿರಣಿಯ ಲೆಕ್ಕದ ಮೇಜಿಗೆ ಬಂದು ಕುಳಿತವನು. ಆದರೂ ತಪ್ಪು ಮಾಡಿ ಕಲಿತ ಪಾಠವಾದುದರಿಂದ ಹೇಳಲು ಧೈರ್ಯ ಮಾಡಿದ್ದೇನೆ.

ಕೆಲವು ವರ್ಷಗಳ ಹಿಂದೆ ನಮ್ಮ ಊರಿನ ಕಡೆಯ ವೃದ್ಧ ದಂಪತಿಗಳೊಡನೆ ಕಾಶಿಯಾತ್ರೆಗೆ ಹೋಗಿದ್ದೆ. ಕಾಶಿಯಲ್ಲಿ ಶವದಹನಕ್ಕೆ ಎರಡು ಘಾಟುಗಳು ಪ್ರಸಿದ್ಧ: ಮಣಿಕರ್ಣಿಕಾ ಒಂದು, ಹರಿಶ್ಚಂದ್ರ ಘಾಟ್ ಇನ್ನೊಂದು. ರಾಘವಾಂಕನ ಕಾವ್ಯವನ್ನು ಕೇಳಿ ಬೆಳೆದ ಕನ್ನಡಿಗರಿಗೆ ಆ ಎರಡನೆಯ ಹೆಸರು ಹೊಸದಲ್ಲ. ಅದರ ದಕ್ಷಿಣದ ಮಗ್ಗುಲಿಗೇ ಇರುವುದು ಹಿಂದೆ ಮೈಸೂರು ಸಂಸ್ಥಾನದವರು ಕಟ್ಟಿಸಿದ ಘಾಟು. ಈಗ ಅದಕ್ಕೆ ಕರ್ನಾಟಕ ಘಾಟ್ ಎಂದು ಹೆಸರು. ಬೆಳಿಗ್ಗೆ ಅಲ್ಲಿ ಸ್ನಾನ ಮುಗಿಸಿದ ಯಜಮಾನರು, "ತಮ್ಮಾ, ಹಿಂದೆ ಗಂಗಮ್ಮ ಕಾಣುವ ಹಾಗೆ ನಮ್ಮಿಬ್ಬರದೂ ಒಂದು ಪಟ ತೆಗಿ. ಮದುವೆಯಾದಾಗಿನಿಂದ ಜೋಡಿಯಾಗಿ ಒಂದೂ ತೆಗೆಸಿಲ್ಲ" ಎಂದರು. ನನ್ನ ಕ್ಯಾಮರಾ ಆಗ ಹೊಸದು. ತೆಗೆದೆ. ಕ್ಯಾಮರಾದ ಪರದೆಯ ಮೇಲೆ ಬಹಳ ಸೊಗಸಾಗಿ ಕಂಡಿತು. ಸಂಜೆ ಒಂದು ಅಂಗಡಿಯಲ್ಲಿ ಅವಸರದಿಂದ ಪ್ರಿಂಟು ಹಾಕಿಸಿ, ಕವರಿನಿಂದ ಹೊರತೆಗೆದು ನೋಡದೆಯೇ ಅವರ ಕೈಗೆ ಕೊಟ್ಟೆ. ಮುಖಗಳು ಕಪ್ಪಾಗಿದ್ದವು, ಅಮ್ಮನವರ ಒಂದು ಭುಜ ಅಂಚಿನಲ್ಲಿ ಕತ್ತರಿಸಿಹೋಗಿತ್ತು. "ಇರಲಿ ಬಿಡಪ್ಪಾ" ಎಂದು ಅವರೇ ನನ್ನನ್ನು ಸಮಾಧಾನಪಡಿಸಿದರು. ಊರಿಗೆ ಬಂದ ಮೇಲೆ ಆ ಚಿತ್ರವನ್ನು ಫೋನಿನಲ್ಲಿ ಒಬ್ಬರಿಬ್ಬರಿಗೆ ಕಳಿಸಿ, ಕ್ಯಾಮರಾದ ಕಾರ್ಡನ್ನು ಅಳಿಸಿ ಬೇರೆ ಕೆಲಸಕ್ಕೆ ಹಚ್ಚಿದೆ.

ಎಂಟು ತಿಂಗಳ ಮೇಲೆ ಅವರ ಮಗ ಬಂದ. ತಂದೆ ತೀರಿಕೊಂಡಿದ್ದರು. ಜೋಡಿಯಾಗಿ ಇದ್ದುದು ಅದೊಂದೇ ಪಟ. ದೊಡ್ಡದು ಮಾಡಿಸಿ ಗೋಡೆಗೆ ಹಾಕಬೇಕು ಎಂದ. ನನ್ನ ಬಳಿ ಉಳಿದಿದ್ದುದು ಫೋನಿನಲ್ಲಿ ಕಳಿಸಿದ ಸಣ್ಣ ಪ್ರತಿ ಮಾತ್ರ. ದೊಡ್ಡದು ಮಾಡಿಸಿದಾಗ ಯಜಮಾನರ ಮುಖ ಚೌಕ ಚೌಕವಾಗಿ ಒಡೆಯಿತು.

ಈ ಒಂದು ಕೆಲಸದಲ್ಲಿ ನಾನು ಮಾಡಿದ ತಪ್ಪು ಐದು. ಒಂದೊಂದಾಗಿ ಹೇಳುತ್ತೇನೆ.

೧. ಬೆಳಕು

ಗಂಗೆ ಕಾಶಿಯಲ್ಲಿ ಉತ್ತರಾಭಿಮುಖವಾಗಿ ಹರಿಯುತ್ತಾಳೆ. ಊರೂ ಘಾಟುಗಳೂ ಪಶ್ಚಿಮದ ದಡದಲ್ಲಿವೆ. ಸೂರ್ಯ ಹುಟ್ಟುವುದು ಹೊಳೆಯ ಆಚೆಯಿಂದ. ಹೀಗಿರಲು ಬೆಳಿಗ್ಗೆ ಗಂಗೆಯನ್ನು ಬೆನ್ನಿಗಿಟ್ಟು ನಿಲ್ಲಿಸಿದರೆ ಸೂರ್ಯನೂ ಬೆನ್ನಿಗೇ ಬರುತ್ತಾನೆ, ಮುಖ ನೆರಳಿನಲ್ಲಿ ಮುಳುಗುತ್ತದೆ. ಅವರನ್ನು ಮೆಟ್ಟಿಲ ಉದ್ದಕ್ಕೆ ಓರೆಯಾಗಿ ಕೂರಿಸಿದ್ದರೆ ಒಂದು ಕೆನ್ನೆಗಾದರೂ ಬೆಳಕು ಬೀಳುತ್ತಿತ್ತು, ಹೊಳೆಯೂ ಒಂದು ಪಕ್ಕಕ್ಕೆ ಕಾಣುತ್ತಿತ್ತು. ಇಲ್ಲವೆ ಇಳಿಹೊತ್ತಿನಲ್ಲಿ, ಕಟ್ಟಡಗಳ ನೆರಳು ಮೆಟ್ಟಿಲ ಮೇಲೆ ಚಾಚಿದಾಗ, ಮೆದುವಾದ ಬೆಳಕಿನಲ್ಲಿ ತೆಗೆಯಬಹುದಿತ್ತು. ಚಿತ್ರದಲ್ಲಿ ಕೆಟ್ಟ ಮುಖವನ್ನು ಪ್ರಿಂಟು ಪೂರ್ತಿಯಾಗಿ ಸರಿಪಡಿಸಲಾರದು.

ಇನ್ನೊಂದು ಮಾತು. ಚಿತೆಗಳ ಕಡೆಗೆ ಕ್ಯಾಮರಾ ತಿರುಗಿಸಬೇಡಿ. ಅಲ್ಲಿ ನಿಂತವರು ದುಃಖದಲ್ಲಿರುವವರು. ನಿಮ್ಮ ಗಿರಾಕಿಯ ಪಟದ ಹಿನ್ನೆಲೆಗೂ ಅವರು ಬೀಳದಂತೆ ನೋಡಿಕೊಳ್ಳುವುದು ಮರ್ಯಾದೆ.

೨. ಅಳತೆ

ಹೆಚ್ಚಿನ ಕ್ಯಾಮರಾಗಳ ಚಿತ್ರದ ಅಗಲ ಎತ್ತರಗಳು ಮೂರಕ್ಕೆ ಎರಡರ ಪ್ರಮಾಣದಲ್ಲಿರುತ್ತವೆ. ೪ಕ್ಕೆ ೬, ೮ಕ್ಕೆ ೧೨, ೧೨ಕ್ಕೆ ೧೮ ಅಂಗುಲದ ಕಾಗದಕ್ಕೆ ಅದು ಸರಿಯಾಗಿ ಕೂರುತ್ತದೆ. ಆದರೆ ಗಿರಾಕಿ ೮ಕ್ಕೆ ೧೦ ಅಂಗುಲದ ಕಟ್ಟು ತಂದಿದ್ದರೆ, ೧೨ ಅಂಗುಲದಲ್ಲಿ ೨ ಅಂಗುಲ ಹೋಗಲೇಬೇಕು. ಭುಜವೋ ಪಾದವೋ ಹೋಗುವುದು ಹೀಗೆ. ಆದುದರಿಂದ ತೆಗೆಯುವ ಮೊದಲೇ "ಎಷ್ಟು ದೊಡ್ಡದು ಬೇಕು? ಎಲ್ಲಿ ಹಾಕುತ್ತೀರಿ? ಎಷ್ಟು ಪ್ರತಿ?" ಎಂದು ಕೇಳಿರಿ, ಸುತ್ತಲೂ ಸ್ವಲ್ಪ ಜಾಗ ಬಿಟ್ಟು ತೆಗೆಯಿರಿ. ಎಲ್ಲಿ ಕತ್ತರಿಸಬೇಕೆಂಬುದನ್ನು ನೀವೇ ಗುರುತು ಮಾಡಿ ಲ್ಯಾಬಿಗೆ ಕೊಡಿರಿ. ಯಂತ್ರಕ್ಕೆ ಅಮ್ಮನವರ ಭುಜದ ಬೆಲೆ ತಿಳಿಯದು.

೩. ಚುಕ್ಕಿಗಳ ಲೆಕ್ಕ

ಇದು ನಮ್ಮಂಥ ಗುಮಾಸ್ತರಿಗೆ ಸುಲಭವಾದ ಲೆಕ್ಕ. ಈಗಿನ ಚಿತ್ರವೆಂದರೆ ಚುಕ್ಕಿಗಳ ಸಾಲು. ಕೈಯಲ್ಲಿ ಹಿಡಿದು ನೋಡುವ ಪ್ರಿಂಟಿಗೆ ಅಂಗುಲಕ್ಕೆ ೩೦೦ ಚುಕ್ಕಿ ಇದ್ದರೆ ಉತ್ತಮ. ೪ಕ್ಕೆ ೬ ಅಂಗುಲಕ್ಕೆ ೧೨೦೦ಕ್ಕೆ ೧೮೦೦ ಚುಕ್ಕಿ ಸಾಕು. ೮ಕ್ಕೆ ೧೦ ಅಂಗುಲಕ್ಕೆ ೨೪೦೦ಕ್ಕೆ ೩೦೦೦, ಅಂದರೆ ಒಟ್ಟು ೭೨ ಲಕ್ಷ ಚುಕ್ಕಿ. ೧೨ಕ್ಕೆ ೧೮ ಅಂಗುಲಕ್ಕೆ ಉದ್ದದ ಕಡೆ ೫೪೦೦ ಬೇಕು. ಗೋಡೆಯ ಮೇಲೆ ದೂರದಿಂದ ನೋಡುವುದಾದರೆ ಅದರ ಅರ್ಧವಿದ್ದರೂ ನಡೆದೀತು. ನನ್ನಲ್ಲಿ ಉಳಿದಿದ್ದ ಪ್ರತಿಯ ಉದ್ದ ೧೬೦೦ ಮಾತ್ರ. ೧೮ ಅಂಗುಲಕ್ಕೆ ಹಿಗ್ಗಿಸಿದಾಗ ಅಂಗುಲಕ್ಕೆ ೮೯ ಚುಕ್ಕಿ ಬಂತು. ಮುಖ ಒಡೆಯದೆ ಇನ್ನೇನಾದೀತು?

ವಾಟ್ಸಾಪಿನಲ್ಲಿ ಫೋಟೋ ಎಂದು ಕಳಿಸಿದರೆ ಚಿತ್ರ ಕುಗ್ಗುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿದರೆ ಮೂಲ ಹಾಗೆಯೇ ಹೋಗುತ್ತದೆ. ಲ್ಯಾಬಿಗೆ ಯಾವಾಗಲೂ ಮೂಲವನ್ನೇ ಕೊಡಿರಿ.

೪. ಪರದೆಯನ್ನು ನಂಬಬಾರದು

ಪರದೆ ತನ್ನೊಳಗಿನ ಬೆಳಕಿನಿಂದ ಹೊಳೆಯುತ್ತದೆ. ಕಾಗದಕ್ಕೆ ಸ್ವಂತ ಬೆಳಕಿಲ್ಲ, ಮೇಲೆ ಬಿದ್ದ ಬೆಳಕನ್ನು ಹಿಂದಕ್ಕೆ ಕೊಡುವುದಷ್ಟೆ ಅದರ ಕೆಲಸ. ಪರದೆಯ ಬೆಳಕನ್ನು ಪೂರ್ತಿ ಏರಿಸಿ ಚಿತ್ರ ತಿದ್ದಿದವನ ಪ್ರಿಂಟು ಕಪ್ಪಾಗಿ ಬರುವುದು ಇದರಿಂದಲೇ. ಬೆಳಕನ್ನು ತಗ್ಗಿಸಿ ತಿದ್ದಿರಿ. ಎಸ್‌ಆರ್‌ಜಿಬಿ ಎಂಬ ವರ್ಣಪದ್ಧತಿಯಲ್ಲಿ ಚಿತ್ರವನ್ನು ಉಳಿಸಿದರೆ ಸಾಮಾನ್ಯ ಲ್ಯಾಬುಗಳಲ್ಲಿ ಬಣ್ಣ ಅಷ್ಟಾಗಿ ಕೆಡುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ದೊಡ್ಡ ಪ್ರಿಂಟಿಗೆ ಮೊದಲು ೪ಕ್ಕೆ ೬ರ ಒಂದು ಮಾದರಿ ಹಾಕಿಸಿರಿ. ಅದನ್ನು ಹಗಲು ಬೆಳಕಿನಲ್ಲಿ ಒಮ್ಮೆ, ಮನೆಯ ದೀಪದ ಕೆಳಗೆ ಒಮ್ಮೆ ನೋಡಿರಿ. ಹತ್ತಿಪ್ಪತ್ತು ರೂಪಾಯಿಯ ಈ ಕೆಲಸ ನೂರಾರು ರೂಪಾಯಿಯನ್ನೂ ಮಾನವನ್ನೂ ಉಳಿಸುತ್ತದೆ.

ತಿದ್ದುವಾಗ ಮುಖವನ್ನು ಸುಣ್ಣ ಬಳಿದಂತೆ ಬೆಳ್ಳಗೆ ಮಾಡುವ ಚಟ ಬೇಡ. ಸುಕ್ಕು, ವಿಭೂತಿ, ಕುಂಕುಮದ ಬಣ್ಣ ಇವೆಲ್ಲ ಇದ್ದಂತೆಯೇ ಇರಲಿ. ಮಕ್ಕಳು ಮುಂದೆ ಹುಡುಕುವುದು ಅವನ್ನೇ.

೫. ಬಾಳಿಕೆ ಮತ್ತು ಒಪ್ಪಿಸುವಿಕೆ

ಹಿಂದೆ ಕತ್ತಲ ಕೋಣೆಯಲ್ಲಿ ಪ್ರಿಂಟು ಮಾಡುತ್ತಿದ್ದ ಕಾಲದಲ್ಲಿ ಹೈಪೋ ಎಂಬ ಲವಣದ ನೀರಿನಲ್ಲಿ ಚಿತ್ರವನ್ನು ನಿಲ್ಲಿಸುತ್ತಿದ್ದರು. ಅದು ಬೆಳ್ಳಿಯ ಲವಣವನ್ನು ಕರಗಿಸುತ್ತದೆಂಬುದನ್ನು ಜಾನ್ ಹರ್ಷೆಲ್ ಎಂಬ ಇಂಗ್ಲಿಷ್ ವಿಜ್ಞಾನಿ ೧೮೧೯ರಲ್ಲಿಯೇ ಕಂಡುಕೊಂಡಿದ್ದ. ೧೮೩೯ರಲ್ಲಿ ಅದು ಛಾಯಾಚಿತ್ರಕ್ಕೆ ಉಪಯೋಗವಾಯಿತು. ಆದರೆ ಆ ಹೈಪೋವನ್ನು ಆಮೇಲೆ ಚೆನ್ನಾಗಿ ತೊಳೆಯದಿದ್ದರೆ ಕೆಲವು ವರ್ಷಗಳಲ್ಲಿ ಪಟ ಹಳದಿಯಾಗಿ ಮಾಸುತ್ತಿತ್ತು. ಕೊಡುವ ದಿನ ತೊಳೆದದ್ದಕ್ಕೂ ತೊಳೆಯದ್ದಕ್ಕೂ ಭೇದ ಕಾಣುತ್ತಿರಲಿಲ್ಲ. ಗಿರಾಕಿಗೆ ಕಾಣದ ಕೆಲಸವನ್ನು ಸರಿಯಾಗಿ ಮಾಡುವವನೇ ಒಳ್ಳೆಯ ಕಸಬುದಾರನೆಂಬುದು ಆಗಲೂ ನಿಜ, ಈಗಲೂ ನಿಜ. ಈಗ ಆ ಕಾಣದ ಕೆಲಸವೆಂದರೆ ಕಾಗದ ಮತ್ತು ಶಾಯಿಯ ಆಯ್ಕೆ. ಸಾಧಾರಣ ಕಾಗದದ ಮೇಲೆ ಅಗ್ಗದ ಶಾಯಿಯಲ್ಲಿ ಮುದ್ರಿಸಿದ್ದು ನೀರು ತಾಗಿದರೆ ಹರಡುತ್ತದೆ, ಬಿಸಿಲಿಗೆ ಬೇಗ ಮಾಸುತ್ತದೆ. ಲ್ಯಾಬಿನ ಫೋಟೋ ಕಾಗದ ಅಥವಾ ಪಿಗ್‌ಮೆಂಟ್ ಶಾಯಿ ಹೆಚ್ಚು ಕಾಲ ಬಾಳುತ್ತದೆ. ಎರಡರ ಬೆಲೆಯನ್ನೂ ಗಿರಾಕಿಗೆ ಬಿಡಿಸಿ ಹೇಳಿರಿ. ಅಗ್ಗದ್ದನ್ನು ಕೊಟ್ಟು ಉತ್ತಮದ್ದೆಂದು ಹೇಳಬೇಡಿರಿ.

ಒಪ್ಪಿಸುವ ಮೊದಲು ಪ್ರತಿಯೊಂದನ್ನೂ ಕವರಿನಿಂದ ತೆಗೆದು ನೋಡಿರಿ: ಮುಖ ತಿಳಿಯಾಗಿದೆಯೆ, ಅಂಚು ಸರಿಯಿದೆಯೆ, ಧೂಳಿನ ಕಲೆ ಇದೆಯೆ, ಎಣಿಕೆ ಸರಿಯಿದೆಯೆ. ಚೀಟಿಯಲ್ಲಿ ಅಳತೆ, ಪ್ರತಿಗಳ ಸಂಖ್ಯೆ, ಮುಂಗಡ, ಬಾಕಿ, ಕೊಡುವ ದಿನ ಬರೆದುಕೊಡಿರಿ. ಯಾತ್ರಿಕರಾದರೆ ಅವರ ರೈಲಿನ ದಿನ ಕೇಳಿಕೊಳ್ಳಿರಿ. ಅಷ್ಟರಲ್ಲಿ ಆಗದಿದ್ದರೆ ಆಗದೆಂದೇ ಹೇಳಿ ಅಂಚೆಯಲ್ಲಿ ಕಳಿಸಿರಿ. ಕೊಟ್ಟ ಮಾತಿಗಾಗಿ ಸ್ಮಶಾನ ಕಾದವನ ಹೆಸರಿನ ಘಾಟಿನ ಪಕ್ಕದಲ್ಲಿ ನಿಂತು ಸುಳ್ಳು ವಾಯಿದೆ ಹೇಳಬಾರದು. ನಿಮ್ಮ ತಪ್ಪಿನಿಂದ ಪ್ರಿಂಟು ಕೆಟ್ಟಿದ್ದರೆ ನಿಮ್ಮ ಖರ್ಚಿನಲ್ಲಿಯೇ ಇನ್ನೊಂದು ಹಾಕಿಸಿಕೊಡಿರಿ. ಪಟದ ಮೇಲೆ ನೇರ ಬಿಸಿಲು ಬೀಳಬಾರದು, ಒದ್ದೆ ಗೋಡೆ ಆಗದು, ಗಾಜಿಗೂ ಪಟಕ್ಕೂ ನಡುವೆ ಸ್ವಲ್ಪ ಸಂದಿರಬೇಕು ಎಂಬುದನ್ನು ತಿಳಿಸಿರಿ. ಮೂಲ ಚಿತ್ರವನ್ನು ತಾರೀಖು ಹಾಕಿ ಎರಡು ಕಡೆ ಇಡಿರಿ, ಒಂದು ಕೆಟ್ಟರೆ ಇನ್ನೊಂದಿರಲಿ. ಕಾರ್ಡನ್ನು ಅಳಿಸುವುದು ಆಮೇಲೆ.

ಆ ಪಟದ ಕಥೆ ಏನಾಯಿತೆಂದು ಕೇಳಬಹುದು. ನಾನು ಹಣ ತೆಗೆದುಕೊಳ್ಳಲಿಲ್ಲ. ೫ಕ್ಕೆ ೭ರ ಅಳತೆಗೆ ಇಳಿಸಿ, ಮುಖಗಳಿಗೆ ಆದಷ್ಟು ಬೆಳಕು ತಂದು, ಒಂದು ಪ್ರಿಂಟು ಮಾಡಿಸಿ ಕಟ್ಟು ಹಾಕಿಸಿ ಕೊಟ್ಟೆ. ಹೋದ ಸಲ ಊರಿಗೆ ಹೋದಾಗ ನೋಡಿದೆ. ದೇವರ ಗೂಡಿನ ಪಕ್ಕದಲ್ಲಿ ಅದನ್ನು ಹಾಕಿದ್ದಾರೆ. ಅಮ್ಮನವರು ದಿನವೂ ಹೂವಿಡುತ್ತಾರೆ. ಕಣ್ಣು ಮಂಜಾಗಿರುವುದರಿಂದ ತೀರ ಹತ್ತಿರ ಹೋಗಿ ನೋಡುತ್ತಾರೆ. "ಇವರ ಮುಖ ಇನ್ನೊಂದಿಷ್ಟು ಕಂಡಿದ್ದರೆ ಚೆನ್ನಾಗಿತ್ತಪ್ಪಾ" ಎಂದರು. ನನ್ನ ಮೇಲೆ ದೂರು ಹೇಳಬೇಕೆಂದು ಅವರು ಆಡಿದ ಮಾತಲ್ಲ ಅದು.

ಫೋಟೋ ಕೆಲಸ ಹಿಡಿದಿರುವ ತರುಣರು ಭಾನುವಾರ ಸಂಜೆ ವಾಚನಾಲಯಕ್ಕೆ ಬರುವಾಗ ತಾವು ತೆಗೆದ ಒಂದು ಭಾವಚಿತ್ರವನ್ನು ತರಲಿ. ಫೋನಿನಲ್ಲಿ ಬೇಡ, ಕಾಗದದ ಮೇಲೆ ತರಲಿ. ಕಿಟಕಿಯ ಬಳಿ ಬೆಳಕಿನಲ್ಲಿ ಹಿಡಿದು ಎಲ್ಲರೂ ಕೂಡಿ ನೋಡೋಣ.