ಸಾಲ ಮಾಡಿ ಶಾಲೆ ನಡೆಸಬಹುದೇ? ಮೂರು ತಾಲೂಕುಗಳಲ್ಲಿ ಒಂದು ಪಾಠ

ಈ ಸಲದ ಬೋಧನಾಭ್ಯಾಸಕ್ಕೆ ನಮ್ಮ ಪ್ರಶಿಕ್ಷಣಾರ್ಥಿಗಳು ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲೂಕುಗಳ ಪ್ರೌಢಶಾಲೆಗಳಿಗೆ ಹೋಗಿದ್ದರು. ಅವರ ಕೋರಿಕೆಯ ಮೇರೆಗೆ ಸಮಾಜ ವಿಜ್ಞಾನದಲ್ಲಿ ‘ಅಭಿವೃದ್ಧಿ ಬ್ಯಾಂಕುಗಳ ಸಾಲ ಮತ್ತು ದೇಶದ ಪ್ರಗತಿ’ ಎಂಬ ಮಾದರಿ ಪಾಠವನ್ನು ನಾನೇ ಮಾಡಿದೆ. ಮೊದಲ ಪಾಠ ಸೋತಿತು. ಸೋತದ್ದು ಏಕೆ, ತಿದ್ದಿದ್ದು ಹೇಗೆ ಎಂಬುದೇ ಈ ಟಿಪ್ಪಣಿ.

ಆಳಂದ: ಮೊದಲ ಪಾಠ

ವಿಶ್ವಬ್ಯಾಂಕ್, ನಬಾರ್ಡ್ ಸ್ಥಾಪನೆಯಾದ ವರ್ಷ, ಉದ್ದೇಶ, ಕಾರ್ಯಗಳನ್ನು ಕಪ್ಪುಹಲಗೆಯ ಮೇಲೆ ಬರೆದು ವಿವರಿಸಿದೆ. ‘ಇಂಥ ಸಾಲದಿಂದ ದೇಶ ಮುಂದುವರಿಯುತ್ತದೆ’ ಎಂದು ಮುಗಿಸುವಾಗ ಒಬ್ಬ ಹುಡುಗಿ ಎದ್ದು ನಿಂತಳು: “ಸಾಲ ಮಾಡಿದ್ರ ಮನಿ ಹಾಳಾಗ್ತದ ಅಂತಾರ್ರಿ ಸರ್. ನಮ್ಮಪ್ಪ ತೊಗರಿ ಮಾರಿದ ರೊಕ್ಕ ಎಲ್ಲಾ ಸಾಲಕ್ಕೇ ಹೋಗ್ತದ. ದೇಶಕ್ಕ ಹ್ಯಾಂಗ ಛಲೋ ಆಗ್ತದ್ರಿ?”

ನನ್ನ ಪಾಠಯೋಜನೆಯಲ್ಲಿ ಈ ಪ್ರಶ್ನೆಗೆ ಉತ್ತರವಿರಲಿಲ್ಲ. ಸಾಲವೆಂದರೆ ಏನೆಂದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಅವಳ ಪೂರ್ವಜ್ಞಾನವನ್ನು ನಾನು ಕೇಳಿಯೇ ಇರಲಿಲ್ಲ.

ಅಫಜಲಪುರ: ತಿದ್ದಿದ ಪಾಠ

ಮುಂದಿನ ವಾರ ಅಫಜಲಪುರದಲ್ಲಿ ಪಾಠವನ್ನು ಮನೆಯ ಸಾಲದಿಂದಲೇ ಆರಂಭಿಸಿದೆ. ಹಲಗೆಯ ಮೇಲೆ ನಾಲ್ಕು ಪ್ರಶ್ನೆ ಬರೆದೆ: ಯಾರಿಂದ? ಯಾವುದಕ್ಕೆ? ಎಷ್ಟು ವರ್ಷಕ್ಕೆ? ಯಾರು ತೀರಿಸುತ್ತಾರೆ? ಮುಂಗಾರಿನಲ್ಲಿ ಬಿತ್ತನೆಗೆಂದು ತಂದ ಕೈಸಾಲವನ್ನು ತೊಗರಿ ರಾಶಿಯಾದ ಕೂಡಲೇ ಬಡ್ಡಿ ಸಮೇತ ಕೊಡಬೇಕು. ಮಳೆ ಕೈಕೊಟ್ಟರೂ ಗಡುವು ನಿಲ್ಲುವುದಿಲ್ಲ. ಇಷ್ಟನ್ನು ಮಕ್ಕಳೇ ಹೇಳಿದರು.

ಅದರ ಪಕ್ಕದಲ್ಲಿ ನಮ್ಮ ಜಿಲ್ಲೆಗೇ ಬಂದ ಒಂದು ಸಾಲವನ್ನು ಬರೆದೆ. ದೇಶದಲ್ಲಿ 1994ರಲ್ಲಿ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ (ಡಿ.ಪಿ.ಇ.ಪಿ.) ಆರಂಭವಾಯಿತು. ಮಹಿಳಾ ಸಾಕ್ಷರತೆ ರಾಷ್ಟ್ರೀಯ ಸರಾಸರಿಗಿಂತ ಕಡಿಮೆಯಿದ್ದ ಜಿಲ್ಲೆಗಳಿಗೆ ಅದರಲ್ಲಿ ಆದ್ಯತೆ. 1991ರ ಜನಗಣತಿಯಂತೆ ಆ ಸರಾಸರಿಯೇ ಶೇ. 39 ಇತ್ತು. ಎರಡನೇ ಹಂತದಲ್ಲಿ ಅಂದಿನ ಗುಲಬರ್ಗಾ ಜಿಲ್ಲೆಯೂ ಸೇರಿತು. ಹಣದ ಬಹುಪಾಲು ವಿಶ್ವಬ್ಯಾಂಕ್ ಸಮೂಹದ ಅಂತರರಾಷ್ಟ್ರೀಯ ಅಭಿವೃದ್ಧಿ ಸಂಘದ (ಐ.ಡಿ.ಎ.) ಸಾಲ. ಕೇಂದ್ರ ಸರ್ಕಾರ ಅದನ್ನು ಪಡೆದು, ವೆಚ್ಚದ ಶೇ. 85ರಷ್ಟನ್ನು ರಾಜ್ಯಕ್ಕೆ ಅನುದಾನವಾಗಿ ಕೊಟ್ಟಿತು. ಉಳಿದ ಶೇ. 15 ರಾಜ್ಯದ್ದು. ಕಟ್ಟಡಕ್ಕೆ ಮೊದಲಿಗೆ ಶೇ. 24ರ ಮಿತಿಯಿತ್ತು. ಹೀಗಾಗಿ ಹೆಚ್ಚಿನ ಹಣ ಶಿಕ್ಷಕರ ತರಬೇತಿ, ಕಲಿಕಾ ಸಾಮಗ್ರಿ ಮುಂತಾದವುಗಳಿಗೆ ಸಿಕ್ಕಿತು. ಇಂದು ನಾವು ಬಿ.ಆರ್.ಸಿ., ಸಿ.ಆರ್.ಸಿ. ಎನ್ನುವ ವ್ಯವಸ್ಥೆ ಬೇರೂರಿದ್ದು ಆಗಲೇ.

‘ಎಷ್ಟು ವರ್ಷಕ್ಕೆ?’ ಎಂಬಲ್ಲಿ ತರಗತಿ ಚುರುಕಾಯಿತು. ಆಗ ಐ.ಡಿ.ಎ. ಭಾರತಕ್ಕೆ ಕೊಡುತ್ತಿದ್ದ ಸಾಲದ ಅವಧಿ 35 ವರ್ಷ. ಮೊದಲ 10 ವರ್ಷ ಅಸಲಿನ ಕಂತು ಇಲ್ಲ. ಬಡ್ಡಿಯ ಬದಲು ಶೇ. 0.75 ಸೇವಾ ಶುಲ್ಕ. ಸಾಲ ಬಂದ ವರ್ಷ ಒಂದನೇ ತರಗತಿಗೆ ಸೇರಿದ ಮಗು ಹತ್ತನೇ ತರಗತಿ ಮುಗಿಸುವ ಹೊತ್ತಿಗೆ ಕಂತು ಶುರುವಾಗುತ್ತದೆ, ಆ ಮಗುವಿಗೆ ನಲವತ್ತು ದಾಟುವಾಗ ಸಾಲ ತೀರುತ್ತದೆ ಎಂದು ಮಕ್ಕಳೇ ಲೆಕ್ಕ ಹಾಕಿದರು. ಬೆಳೆ ಬರುವವರೆಗೆ ಕಾಯುವ ಸಾಲ ಬೇರೆ, ಕಾಯದ ಸಾಲ ಬೇರೆ ಎಂಬುದು ಅವರಿಗೆ ಹೊಳೆಯಿತು.

ದೇಶದೊಳಗಿನ ಉದಾಹರಣೆಯಾಗಿ ನಬಾರ್ಡ್ ಅನ್ನು ತೆಗೆದುಕೊಂಡೆ. ಅದು 1982ರಲ್ಲಿ ಸ್ಥಾಪನೆಯಾಯಿತು. ಆದ್ಯತಾ ವಲಯಕ್ಕೆ ನಿಗದಿಯಾದಷ್ಟು ಸಾಲ ಕೊಡದ ಬ್ಯಾಂಕುಗಳು ಆ ಕೊರತೆಯ ಹಣವನ್ನು 1995-96ರಿಂದ ನಬಾರ್ಡ್‌ನ ಗ್ರಾಮೀಣ ಮೂಲಸೌಕರ್ಯ ಅಭಿವೃದ್ಧಿ ನಿಧಿಯಲ್ಲಿಡುತ್ತವೆ. ರಾಜ್ಯಗಳು ಅಲ್ಲಿಂದ ಸಾಲ ಪಡೆದು ಹಳ್ಳಿಯ ರಸ್ತೆ, ಸೇತುವೆ, ನೀರಾವರಿ, ಶಾಲಾ ಕಟ್ಟಡಗಳಿಗೆ ಬಳಸುತ್ತವೆ. ತೀರಿಸಲು ಏಳು ವರ್ಷ, ಅದರಲ್ಲಿ ಮೊದಲ ಎರಡು ವರ್ಷ ಅಸಲಿಗೆ ವಿನಾಯಿತಿ.

ಜೇವರ್ಗಿ: ಇನ್ನೊಂದು ಪ್ರಶ್ನೆ

ಜೇವರ್ಗಿಯಲ್ಲೂ ಇದೇ ಕ್ರಮದಲ್ಲಿ ಪಾಠ ಸಾಗಿತು. ಕೊನೆಗೆ ಒಬ್ಬ ಹುಡುಗ ಕೇಳಿದ: “ಕಟ್ಟಿದ ಕೋಣಿ ಸೋರಿದ್ರೂ ಸಾಲ ತುಂಬಬೇಕೇನ್ರಿ?”

ತುಂಬಬೇಕು ಎಂದೆ. ಕೋಣೆ ಸೋರಿದರೂ, ಶಿಕ್ಷಕರು ಬಾರದಿದ್ದರೂ ಕಂತು ನಿಲ್ಲುವುದಿಲ್ಲ. ವಿದೇಶಿ ಸಾಲಕ್ಕೆ ರೂಪಾಯಿ ಕುಸಿತದ ಹೊರೆಯೂ ಸೇರುತ್ತದೆ: 1997ರಲ್ಲಿ ಡಾಲರಿಗೆ ಸುಮಾರು 36 ರೂಪಾಯಿ ಇತ್ತು, ಈಗ 80 ದಾಟಿದೆ. ತೀರಿಸುವುದು ಸರ್ಕಾರವಾದರೂ ಹಣ ಜನರ ತೆರಿಗೆಯದು. ಸಾಬೂನು ಕೊಳ್ಳುವ ನಿಮ್ಮ ಅವ್ವನ ಪಾಲೂ ಅದರಲ್ಲಿದೆ. ಆದ್ದರಿಂದ ಸಾಲದ ಹಣದಲ್ಲಿ ಆದ ಕೆಲಸ ಸಾಲಕ್ಕಿಂತ ಹೆಚ್ಚು ದಿನ ಬಾಳಬೇಕು. ಆ ಹುಡುಗ ಕೂಡಲೇ, “ಹಂಗಾದ್ರ ಲೆಕ್ಕ ಕೇಳೋ ಹಕ್ಕು ನಮಗೂ ಅದ” ಎಂದ. ನಾನು ಬರೆದುಕೊಂಡಿದ್ದ ಯಾವ ಬೋಧನೋದ್ದೇಶಕ್ಕಿಂತಲೂ ಇದು ದೊಡ್ಡದು.

ಪ್ರಶಿಕ್ಷಣಾರ್ಥಿಗಳ ಗಮನಕ್ಕೆ

1. ಸಾಲದ ಪಾಠವನ್ನು ವ್ಯಾಖ್ಯೆಯಿಂದ ಆರಂಭಿಸಬೇಡಿ. ಮಕ್ಕಳ ಅನುಭವದಿಂದ ಆರಂಭಿಸಿ. ಆದರೆ ಯಾವ ಮಗುವಿನ ಮನೆಯ ಸಾಲದ ಮೊತ್ತವನ್ನೂ ಕೇಳಬೇಡಿ.

2. ನಾಲ್ಕು ಪ್ರಶ್ನೆಗಳ ಕೋಷ್ಟಕವನ್ನು ಮಕ್ಕಳಿಂದಲೇ ತುಂಬಿಸಿ.

3. ಸಾಲವನ್ನು ಹೊಗಳುವುದಾಗಲಿ ತೆಗಳುವುದಾಗಲಿ ಪಾಠದ ಗುರಿಯಲ್ಲ. ತೂಗಿ ನೋಡಲು ಕಲಿಸುವುದು ಗುರಿ.

4. ಮೌಲ್ಯಮಾಪನಕ್ಕೆ: ‘ನಿಮ್ಮೂರಿನ ರಸ್ತೆ, ಶಾಲೆ ಅಥವಾ ನೀರಿನ ಟ್ಯಾಂಕ್ ಯಾವ ಹಣದಿಂದ ಆಯಿತು? ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ ಬನ್ನಿ.’

ಆಳಂದದ ಆ ತರಗತಿಗೆ ನಾನು ಮತ್ತೊಮ್ಮೆ ಹೋಗಬೇಕಿದೆ. ಆ ಹುಡುಗಿಗೆ ಕೊಡಬೇಕಾದ ಉತ್ತರ ಇನ್ನೂ ನನ್ನ ಮೇಲೆ ಸಾಲವಾಗಿಯೇ ಉಳಿದಿದೆ.