ಬೇಸಿಗೆಯ ಕಾವು ಮತ್ತು ಟ್ರ್ಯಾಕ್ಟರ್ ಟೈರಿನ ಗಾಳಿ

ಇಂಡಿ ತಾಲೂಕು ಲಿಂಬೆಗೆ ಹೆಸರಾದುದು. ಬೇಸಿಗೆಯಲ್ಲಿ ಲಿಂಬೆಗೆ ಬೇಡಿಕೆ ಹೆಚ್ಚು. ಬಿಸಿಲೂ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಸಾಲೋಟಗಿಯಂತಹ ಊರುಗಳಿಂದ ಟ್ರೇಲರಿನಲ್ಲಿ ಮಾಲು ಸಾಗಿಸುವಾಗ, ನಡುಮಧ್ಯಾಹ್ನ ಟೈರು ಗಡುಸಾದುದನ್ನು ಕಂಡು ಕೆಲವರು ಗಾಳಿ ಬಿಡುವುದುಂಟು. ಇದು ಸರಿಯಾದ ಕ್ರಮವಲ್ಲ. ಏಕೆಂಬುದನ್ನು ತಿಳಿಯೋಣ.

ಗಾಳಿಯು ಕಣ್ಣಿಗೆ ಕಾಣದ ಅಸಂಖ್ಯ ಅಣುಗಳಿಂದ ಆದುದು. ಇವು ಸೆಕೆಂಡಿಗೆ ಸುಮಾರು 500 ಮೀಟರ್ ವೇಗದಲ್ಲಿ ಎಲ್ಲ ದಿಕ್ಕಿಗೂ ಓಡಾಡುತ್ತ ಟೈರಿನ ಒಳಮೈಗೆ ಬಡಿಯುತ್ತವೆ. ಈ ಬಡಿತವೇ ಒತ್ತಡ. 1738ರಲ್ಲಿಯೇ ಡೇನಿಯಲ್ ಬರ್ನೌಲಿ ಎಂಬ ವಿಜ್ಞಾನಿ ಇದನ್ನು ವಿವರಿಸಿದ್ದನು. ಕಾವು ಏರಿದಂತೆ ಅಣುಗಳ ಚಲನಶಕ್ತಿ ಹೆಚ್ಚಿ, ಬಡಿತವೂ ಜೋರಾಗುತ್ತದೆ.

ಹಾಗೆಂದು 30 ಡಿಗ್ರಿಯಿಂದ 60 ಡಿಗ್ರಿಗೆ ಏರಿದರೆ ಚಲನಶಕ್ತಿ ಇಮ್ಮಡಿಯಾಗದು. ಲೆಕ್ಕವನ್ನು ಸೊನ್ನೆಗಿಂತ 273 ಡಿಗ್ರಿ ಕೆಳಗಿನಿಂದ, ಅಂದರೆ ಕೆಲ್ವಿನ್ ಮಾನದಲ್ಲಿ ಹಿಡಿಯಬೇಕು. ಬೆಳಗಿನ 27 ಡಿಗ್ರಿ ಎಂದರೆ 300 ಕೆಲ್ವಿನ್. ಓಟ ಮತ್ತು ಬಿಸಿಲಿನಿಂದ ಒಳಗಿನ ಗಾಳಿ 57 ಡಿಗ್ರಿ ಮುಟ್ಟಿದರೆ 330 ಕೆಲ್ವಿನ್. ಸರಾಸರಿ ಚಲನಶಕ್ತಿ ನೂರಕ್ಕೆ ಹತ್ತರಷ್ಟು ಹೆಚ್ಚಿತು. ಟೈರಿನ ಗಾತ್ರ ಹೆಚ್ಚು ಬದಲಾಗದ ಕಾರಣ ಒತ್ತಡವೂ ಅಷ್ಟೇ ಹೆಚ್ಚುತ್ತದೆ.

ಉದಾಹರಣೆಗೆ, ಬೆಳಿಗ್ಗೆ ಮಾಪಕವು 30 ಪೌಂಡ್ ತೋರಿಸಿತೆನ್ನಿ. ಹೊರಗಿನ ವಾಯುಭಾರ ಸುಮಾರು 15 ಪೌಂಡ್ ಸೇರಿಸಿದರೆ ಒಟ್ಟು 45. ನೂರಕ್ಕೆ ಹತ್ತು ಏರಿದರೆ 49.5. ಇದರಲ್ಲಿ 15 ಕಳೆದರೆ ಮಾಪಕದಲ್ಲಿ 34.5 ಪೌಂಡ್ ಕಾಣುತ್ತದೆ. ಈ ಏರಿಕೆ ಸಹಜವಾದುದು. ಆಗ ಗಾಳಿ ಬಿಟ್ಟು 30ಕ್ಕೆ ಇಳಿಸಿದರೆ, ಮರುದಿನ ತಂಪು ಹೊತ್ತಿನಲ್ಲಿ ಸುಮಾರು 26 ಪೌಂಡ್ ಮಾತ್ರ ಉಳಿಯುತ್ತದೆ. ಗಾಳಿ ಕಡಿಮೆಯಾದ ಟೈರು ಹೇರಿನ ಕೆಳಗೆ ಹೆಚ್ಚು ಬಾಗಿ ಬಳುಕಿ, ಮತ್ತಷ್ಟು ಕಾಯುತ್ತದೆ. ಅದರ ಪಕ್ಕಗಳು ಸೀಳಿ, ತುಂಬಿದ ಟ್ರೇಲರ್ ರಸ್ತೆಯಲ್ಲಿ ಉರುಳುವ ಅಪಾಯವಿದೆ.

ರೈತರು ಗಮನಿಸಬೇಕಾದ ಅಂಶಗಳು:

1. ಗಾಳಿಯನ್ನು ಬೆಳಿಗ್ಗೆ, ಗಾಡಿ ಹೂಡುವ ಮೊದಲೇ ಮಾಪಕದಿಂದ ಪರೀಕ್ಷಿಸಿರಿ. ಒದ್ದು ನೋಡಿ ಅಂದಾಜು ಮಾಡಬೇಡಿರಿ.

2. ತಯಾರಕರು ಸೂಚಿಸಿದ ಒತ್ತಡವನ್ನೇ ಇಡಿರಿ. ಅದು ತಂಪಾದ ಟೈರಿಗೆ ಹೇಳಿದ ಪ್ರಮಾಣ.

3. ಕಾದ ಟೈರಿನಿಂದ ಗಾಳಿ ಬಿಡಬೇಡಿರಿ. ನೆರಳಿನಲ್ಲಿ ನಿಲ್ಲಿಸಿ ಆರಲು ಬಿಡಿರಿ.

4. ಒಂದು ಟೈರು ಮಾತ್ರ ಉಳಿದವುಗಳಿಗಿಂತ ಹೆಚ್ಚು ಕಾದಿದ್ದರೆ, ಆರಿದ ಮೇಲೆ ಗಾಳಿ ಸೋರಿಕೆ ಮತ್ತು ಹೇರಿನ ಹಂಚಿಕೆಯನ್ನು ಪರೀಕ್ಷಿಸಿರಿ.

5. ಮಿತಿಮೀರಿ ಹೇರಬೇಡಿರಿ. ಸಾಧ್ಯವಾದಷ್ಟು ಬೆಳಗಿನ ತಂಪಿನಲ್ಲಿಯೇ ಮಾಲು ಸಾಗಿಸಿರಿ. ಟೈರಿಗೂ ಕ್ಷೇಮ, ಲಿಂಬೆಯೂ ಬಾಡದು.